ಹ್ಯಾಂಗ್ ಆಗುವ ಲ್ಯಾಪ್‌ಟಾಪ್: ಮೊದಲು ಫೈಲು, ಆಮೇಲೆ ರಿಪೇರಿ

"ಸಿಸ್ಟಮ್ ತುಂಬಾ ಸ್ಲೋ ಆಗಿದೆ, ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿದ್ರೆ ಸರಿಹೋಗುತ್ತೆ." ತುಮಕೂರಿನ ಕಾಲೇಜು ಹುಡುಗರಿರಲಿ, ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರಿರಲಿ, ಈ ಮಾತು ಕೇಳದವರು ಕಡಿಮೆ. ಡಿಸ್ಕ್ ಗಟ್ಟಿಯಾಗಿದ್ದರೆ ಮಾತು ನಿಜವೇ ಆಗಬಹುದು. ಆದರೆ ಡಿಸ್ಕೇ ಕೆಡುತ್ತಾ ಬಂದಿದ್ದರೆ, ಬ್ಯಾಕಪ್ ಕೂಡ ಇಲ್ಲದಿದ್ದರೆ, ಆ ಫಾರ್ಮ್ಯಾಟ್ ಜೊತೆಗೇ ಪ್ರಾಜೆಕ್ಟ್ ರಿಪೋರ್ಟು, ಮೂರು ವರ್ಷದ ಲೆಕ್ಕ, ಮಗುವಿನ ನಾಮಕರಣದ ಫೋಟೋ ಎಲ್ಲವೂ ಹೋಗುತ್ತವೆ. ಆದ್ದರಿಂದ ಯಾವುದಕ್ಕೂ ಕೈಹಾಕುವ ಮುಂಚೆ ಡಿಸ್ಕ್ ಚೆನ್ನಾಗಿದೆಯಾ ಇಲ್ಲವಾ ಅನ್ನುವುದನ್ನು ತೀರ್ಮಾನ ಮಾಡಿಕೊಳ್ಳಬೇಕು. ಅದಕ್ಕೆ ಹತ್ತು ನಿಮಿಷ ಸಾಕು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ ಡಿಸ್ಕ್ ಮೇಲೆ ಒತ್ತಿ. 100% ಅಂತ ಕಂಡ ತಕ್ಷಣ ಹೆದರಬೇಡಿ, ಅದರ ಕೆಳಗಿರುವ ಎರಡು ಅಂಕಿ ಮುಖ್ಯ. ಡಿಸ್ಕ್ 100% ದುಡಿಯುತ್ತಾ ಸೆಕೆಂಡಿಗೆ 50, 80 ಎಂಬಿ ಓದುತ್ತಿದ್ದರೆ ಅದು ನಿಜವಾಗಿ ಕೆಲಸದಲ್ಲಿದೆ: ಅಪ್‌ಡೇಟ್, ಆಂಟಿವೈರಸ್, ಇಲ್ಲವೇ ರ‍್ಯಾಮ್ ಸಾಲದೆ ಆಗುವ ಓಡಾಟ. ಅದೇ 100% ಇದ್ದು ವೇಗ ಮಾತ್ರ ಕೆಲವೇ ಕೆಬಿಗೆ ಇಳಿದಿದೆ, ಸರಾಸರಿ ರೆಸ್ಪಾನ್ಸ್ ಸಮಯ ಸಾವಿರಾರು ಮಿಲಿಸೆಕೆಂಡಿಗೆ ಏರಿದೆ ಅಂದರೆ ಡಿಸ್ಕ್ ಓದಲಾಗದ ಜಾಗದಲ್ಲಿ ಸಿಕ್ಕಿಕೊಂಡಿದೆ. ಹೆಚ್ಚು ಹೊರೆ ಇಲ್ಲದಾಗ ಒಳ್ಳೆಯ ಹಾರ್ಡ್ ಡಿಸ್ಕಿನಲ್ಲಿ ಈ ಸಮಯ ಹತ್ತಿಪ್ಪತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿರುತ್ತದೆ.

ಇನ್ನೊಂದು ಸಾಕ್ಷಿ, ವಿಂಡೋಸ್ ತನ್ನಲ್ಲಾದ ತಪ್ಪುಗಳನ್ನು ಬರೆದಿಡುವ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್. ಅಲ್ಲಿ ಡಿಸ್ಕ್ ಹೆಸರಿನಲ್ಲಿ 7 ಅಥವಾ 153 ಸಂಖ್ಯೆಯ ಸಾಲುಗಳು ಮತ್ತೆ ಮತ್ತೆ ಬಂದಿವೆಯಾ ನೋಡಿ. 7 ಅಂದರೆ ಕೆಟ್ಟ ಬ್ಲಾಕ್, 153 ಅಂದರೆ ಓದುವ ಪ್ರಯತ್ನ ಮತ್ತೊಮ್ಮೆ ಮಾಡಬೇಕಾಯಿತು ಅಂತ. 129 ಬಂದಿದ್ದರೆ ಉತ್ತರ ಕೊಡದ ಡಿಸ್ಕನ್ನು ವಿಂಡೋಸ್ ರೀಸೆಟ್ ಮಾಡಿದೆ. ಮೌಸ್ ಕೂಡ ಅಲ್ಲಾಡದೆ ಅರ್ಧ ನಿಮಿಷ ನಿಂತು, ಆಮೇಲೆ ಒಮ್ಮೆಲೇ ಎಲ್ಲ ಚಾಲೂ ಆಗುತ್ತದಲ್ಲ, ಅದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಂಡ ಸ್ಮಾರ್ಟ್ ಅಂಕಿಗಳನ್ನು ತೋರಿಸುತ್ತದೆ. ಇನ್ಸ್ಟಾಲ್ ಬೇಡದ ಪೋರ್ಟಬಲ್ ಆವೃತ್ತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಪೆನ್‌ಡ್ರೈವ್‌ನಿಂದಲೇ ಓಡಿಸಿ. 05, ಸಿ5, ಸಿ6 ಈ ಮೂರು ಸಾಲುಗಳ ಕೊನೆಯ ಕಾಲಂ ಓದಬೇಕು. 05 ಅಂದರೆ ಕೆಟ್ಟು, ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು (ಡಿಸ್ಕಿನಲ್ಲಿ ಡೇಟಾ ಇಡುವ ಚಿಕ್ಕ ಚಿಕ್ಕ ತುಣುಕುಗಳು). ಸಿ5 ಅಂದರೆ ಓದಲಾಗದೆ ಇನ್ನೂ ತೀರ್ಮಾನವಾಗದೆ ನಿಂತವು. ಸಿ6 ಅಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿ ಕೈಬಿಟ್ಟವು. ಸಂಖ್ಯೆಗಳು ಹೆಕ್ಸ್‌ನಲ್ಲಿರುತ್ತವೆ, ಅಲ್ಲಿನ 10 ಅಂದರೆ ನಮ್ಮ 16. ಸಿ5 ಸೊನ್ನೆಗಿಂತ ಜಾಸ್ತಿ ಇದ್ದು, ಬೆಳಿಗ್ಗೆಯಿಂದ ಸಂಜೆಗೆ ಏರಿದ್ದರೆ ಅವತ್ತೇ ಫೈಲು ತೆಗೆಯಿರಿ, ನಾಳೆಗೆ ಇಡಬೇಡಿ. ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕವಾದ ಸಿ7 ಒಂದೇ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್ಲಿನದು.

ಡಿಸ್ಕ್ ಶುದ್ಧವಾಗಿದ್ದರೆ ಮುಂದಿನದು ಸುಲಭ. 4 ಜಿಬಿ ರ‍್ಯಾಮ್‌ನಲ್ಲಿ ಈಗಿನ ವಿಂಡೋಸ್ ಉಸಿರಾಡುವುದು ಕಷ್ಟ, 8 ಜಿಬಿ ಮಾಡಿಸಿ. ಕಾಲು ಗಂಟೆ ಓಡಿದ ಮೇಲೆ ಮಾತ್ರ ಮಂದವಾಗಿ, ಪ್ರೊಸೆಸರ್ ಬಿಸಿ 95 ಡಿಗ್ರಿ ಮುಟ್ಟಿದರೆ ಫ್ಯಾನಿನ ಹಿಂದಿನ ಜಾಲರಿಯಲ್ಲಿ ಧೂಳಿನ ಕಂಬಳಿಯೇ ಕೂತಿರುತ್ತದೆ. ಬಿಚ್ಚಿ ಬ್ರಷ್ ಹಾಕಿ, ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿಸಬೇಕು.

ಡಿಸ್ಕ್ ಕೆಟ್ಟಿದೆ ಅಂತ ಗೊತ್ತಾದ ಮೇಲೆ ಮಾಡಬಾರದ್ದು ಕೆಲವಿವೆ. ಚೆಕ್‌ಡಿಸ್ಕ್ ಓಡಿಸಬೇಡಿ. ಅದರ ಕೆಲಸ ಫೈಲ್ ಸಿಸ್ಟಮ್ ಒಪ್ಪ ಮಾಡುವುದು, ನಿಮ್ಮ ಫೈಲು ಉಳಿಸುವುದಲ್ಲ. ಓದಲಾಗದ ಜಾಗದ ಮೇಲೇ ಮತ್ತೆ ಮತ್ತೆ ಬಿದ್ದು ಡಿಸ್ಕನ್ನು ದಣಿಸುತ್ತದೆ, ಅರ್ಧ ಉಳಿದ ಫೋಲ್ಡರುಗಳನ್ನು ಚೂರು ಮಾಡಿ ಬೇರೆಡೆ ಎಸೆಯುತ್ತದೆ. ಚದುರಿದ ಫೈಲುಗಳನ್ನು ಜೋಡಿಸುವ ಡಿಫ್ರಾಗ್ ಬೇಡ, ಪೂರ್ತಿ ವೈರಸ್ ಸ್ಕ್ಯಾನ್ ಬೇಡ, ರಿಕವರಿ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇನ್ಸ್ಟಾಲ್ ಮಾಡುವುದಂತೂ ಬೇಡವೇ ಬೇಡ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತೆ ಅನ್ನುವವರ ಮಾತು ಕೇಳಬೇಡಿ, ಹೊರಗೆ ತೆಗೆದಾಗ ಡಿಸ್ಕಿನೊಳಗಿನ ತಟ್ಟೆಯ ಮೇಲೆ ನೀರಿನ ಹನಿ ಕೂರುತ್ತದೆ. "ಟಕ್, ಟಕ್" ಅನ್ನುವ ಸದ್ದು ಒಂದೇ ತಾಳದಲ್ಲಿ ಬರುತ್ತಿದ್ದರೆ ಹೆಚ್ಚಾಗಿ ತಟ್ಟೆಯನ್ನು ಓದುವ ಹೆಡ್ ಹೋಗಿದೆ. ಆ ಕ್ಷಣವೇ ಆಫ್ ಮಾಡಿ. ಮುಂದೆ ಹೇಳುವ ಯಾವ ಉಪಾಯವೂ ಆ ಡಿಸ್ಕಿಗಲ್ಲ.

ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ ಎಳೆದು ಬಿಡುವ ಕಾಪಿ ಬೇಡ. ಒಂದು ಕೆಟ್ಟ ಫೈಲ್ ಸಿಕ್ಕರೆ ಪೂರ್ತಿ ಕೆಲಸ ಅಲ್ಲೇ ಕೂತುಬಿಡುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ವಿಂಡೋಸ್ ಜೊತೆಗೇ ಬರುವ ರೋಬೊಕಾಪಿ ಕಮಾಂಡ್ ಬಳಸಿ ಹೊರಗಿನ ಡಿಸ್ಕಿಗೆ ತೆಗೆಯಿರಿ. ಆದರೆ ಒಂದು ಗೊತ್ತಿರಬೇಕು: ನಾವೇನೂ ಹೇಳದಿದ್ದರೆ ಅದು ಓದಲಾಗದ ಫೈಲಿಗೆ 10 ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಕಾದು ಪ್ರಯತ್ನಿಸುತ್ತದೆ! ಹಾಗಾಗಿ ಸ್ಲ್ಯಾಷ್ ಆರ್ ಕೋಲನ್ 0, ಸ್ಲ್ಯಾಷ್ ಡಬ್ಲ್ಯೂ ಕೋಲನ್ 0 ಸೇರಿಸಿ. ಒಳಗಿನ ಫೋಲ್ಡರುಗಳಿಗೆ ಸ್ಲ್ಯಾಷ್ ಇ. ಮೊದಲು ಬೆಲೆ ಕಟ್ಟಲಾಗದ ಚಿಕ್ಕ ಫೋಲ್ಡರುಗಳು, ಆಮೇಲೆ ಫೋಟೋ, ಸಿನಿಮಾ ಕಟ್ಟಕಡೆಗೆ.

ಏನನ್ನು ತೆಗೆಯಬೇಕು ಅನ್ನುವಲ್ಲೇ ಬಹಳ ಜನ ಎಡವುತ್ತಾರೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಿರುತ್ತವೆ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶದ ಡೇಟಾ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಕಂಪನಿ ತೆರೆಯುವ ಪರದೆಯಲ್ಲಿ ಡೇಟಾ ಪಾತ್ ಕಾಣುತ್ತದೆ, ಆ ಫೋಲ್ಡರನ್ನು ಇಡಿಯಾಗಿ ತೆಗೆಯಿರಿ. ಡಿಟಿಪಿ ಮಾಡುವವರು, ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದವರು ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಉಳಿಸಿಕೊಳ್ಳಲೇಬೇಕು. ಆ ಅಕ್ಷರಗಳು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅಲ್ಲ. ಅದೇ ಫಾಂಟ್ ಇಲ್ಲದಿದ್ದರೆ ವರ್ಷಗಟ್ಟಲೆ ಮಾಡಿದ ಆಹ್ವಾನ ಪತ್ರಿಕೆ, ಪಹಣಿ ಅರ್ಜಿಗಳೆಲ್ಲ ಹೊಸ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆಯುತ್ತವೆ. ಫೈಲು ಇದ್ದೂ ಇಲ್ಲದ ಹಾಗೆ.

ವಿಂಡೋಸ್ ತೆರೆಯುತ್ತಲೇ ಇಲ್ಲವೇ? ಬೇರೆ ಕಂಪ್ಯೂಟರಿನಲ್ಲಿ ರೂಫಸ್ ಅನ್ನುವ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಉಬುಂಟು (ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಹಾಕಿಕೊಳ್ಳಿ. ಬೂಟ್ ಮೆನುಗೆ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್ 12, ಎಚ್‌ಪಿಯಲ್ಲಿ ಎಫ್ 9, ಏಸಸ್‌ನಲ್ಲಿ ಎಸ್ಕೇಪ್. "ಟ್ರೈ ಉಬುಂಟು" ಅಂತಷ್ಟೇ ಒತ್ತಿ, ಇನ್ಸ್ಟಾಲ್ ಮುಟ್ಟಬೇಡಿ. ಅಲ್ಲಿಂದ ಲ್ಯಾಪ್‌ಟಾಪಿನ ಡಿಸ್ಕ್ ತೆರೆದು ಫೈಲುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಈಚಿನ ಲ್ಯಾಪ್‌ಟಾಪುಗಳಲ್ಲಿ ಮಾಲೀಕರಿಗೇ ತಿಳಿಯದ ಹಾಗೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಎನ್‌ಕ್ರಿಪ್ಷನ್ ಆನ್ ಆಗಿರಬಹುದು. ಆಗ ಡಿಸ್ಕ್ ತೆರೆಯಲು 48 ಅಂಕಿಯ ರಿಕವರಿ ಕೀ ಬೇಕು. ಲ್ಯಾಪ್‌ಟಾಪ್ ಮೊದಲ ಸಲ ಶುರು ಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲಿನಿಂದ ಲಾಗಿನ್ ಆಗಿ, ಡಿವೈಸ್ ಪಟ್ಟಿಯಲ್ಲಿ ಹುಡುಕಿದರೆ ಹೆಚ್ಚಾಗಿ ಸಿಗುತ್ತದೆ. ಆ ಕೀ ಇಲ್ಲದೆ ಯಾವ ಲ್ಯಾಬೂ ಏನೂ ಮಾಡಲಾರದು.

ಕೆಟ್ಟ ಸೆಕ್ಟರು ಬಹಳ ಇದ್ದರೆ ಫೈಲು ಫೈಲಾಗಿ ತೆಗೆಯುವುದಕ್ಕಿಂತ ಡಿಸ್ಕಿನ ಪೂರ್ತಿ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೆ ಒಂದೇ ಫೈಲಿನಲ್ಲಿ ನಕಲು, ತೆಗೆಯುವುದು ಮೇಲು. ಅದಕ್ಕೆ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ. ಸಿಸ್ಟಮ್‌ರೆಸ್ಕ್ಯೂ ಅನ್ನುವ ಪೆನ್‌ಡ್ರೈವ್ ಲಿನಕ್ಸಿನಲ್ಲಿ ಇದು ಸಿದ್ಧವಾಗಿರುತ್ತದೆ. ಮೊದಲು ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟು, ಯಾವುದು ಕೆಟ್ಟ ಡಿಸ್ಕು, ಯಾವುದು ಹೊರಗಿನದು ಅಂತ ಗಾತ್ರ ನೋಡಿ ಗುರುತಿಸಿ ಚೀಟಿಯಲ್ಲಿ ಬರೆದುಕೊಳ್ಳಿ. ಪ್ರತಿ ಬೂಟಿಗೂ ಹೆಸರು ಬದಲಾಗಬಹುದು. ಡಿಡಿರೆಸ್ಕ್ಯೂ ಕಮಾಂಡಿನ ಕ್ರಮ ಹೀಗೆ: ಹೈಫನ್ ಎನ್, ಕೆಟ್ಟ ಡಿಸ್ಕ್, ಇಮೇಜ್ ಫೈಲ್, ಮ್ಯಾಪ್ ಫೈಲ್. ಹೊರಗಿನ ಡಿಸ್ಕಿನಲ್ಲಿ ಕೆಟ್ಟ ಡಿಸ್ಕಿನ ಪೂರ್ತಿ ಗಾತ್ರಕ್ಕಿಂತ ಜಾಸ್ತಿ ಜಾಗ ಇರಬೇಕು. ಅದರ ಫಾರ್ಮ್ಯಾಟ್ ಫ್ಯಾಟ್ 32 ಆಗಿದ್ದರೆ ಇಮೇಜ್ ಫೈಲ್ 4 ಜಿಬಿಗೇ ನಿಲ್ಲುತ್ತದೆ, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ. ಈ ಮೊದಲ ಸುತ್ತು ಸಲೀಸಾಗಿ ಬರುವುದನ್ನೆಲ್ಲ ಎತ್ತಿಕೊಂಡು ತೊಡಕಿನ ಜಾಗವನ್ನು ದಾಟಿ ಹೋಗುತ್ತದೆ. ಎರಡನೇ ಸುತ್ತಿನಲ್ಲಿ ಹೈಫನ್ ಎನ್ ತೆಗೆದು ಹೈಫನ್ ಡಿ, ಹೈಫನ್ ಆರ್ 3 ಹಾಕಿದರೆ ಬಿಟ್ಟುಹೋದ ಜಾಗಗಳಿಗೆ ಮಾತ್ರ ಮತ್ತೆ ಹೋಗುತ್ತದೆ. ಎಲ್ಲಿಯವರೆಗೆ ಓದಿಯಾಯಿತು ಅಂತ ಬರೆದಿಡುವ ಮ್ಯಾಪ್ ಫೈಲ್ ಇರುವುದರಿಂದ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಆದರೂ ಪಂಪ್‌ಸೆಟ್ ಫೀಡರಿನ ಊರುಗಳಲ್ಲಿ ಯುಪಿಎಸ್ ಇಲ್ಲದೆ ಇದನ್ನು ಶುರು ಮಾಡಬೇಡಿ. ಒಳ್ಳೆಯ 1 ಟಿಬಿ ಡಿಸ್ಕಿಗೇ ಸೆಕೆಂಡಿಗೆ 80 ಎಂಬಿಯಂತೆ ಮೂರೂವರೆ ಗಂಟೆ, ಕೆಟ್ಟದ್ದಕ್ಕೆ ದಿನಗಳೇ ಹಿಡಿಯಬಹುದು. ಬಿಸಿಯಾಗದ ಹಾಗೆ ಡಿಸ್ಕಿನ ಕಡೆಗೊಂದು ಚಿಕ್ಕ ಫ್ಯಾನ್ ತಿರುಗಿಸಿಡಿ.

ಆಮೇಲಿನ ಹುಡುಕಾಟವೆಲ್ಲ ಇಮೇಜ್ ಮೇಲೆಯೇ. ಫೋಲ್ಡರು ಕಾಣದಿದ್ದರೆ ಟೆಸ್ಟ್‌ಡಿಸ್ಕ್ ಅನ್ನುವ ರಿಕವರಿ ತಂತ್ರಾಂಶ, ಅದಕ್ಕೂ ಬಗ್ಗದಿದ್ದರೆ ಫೋಟೋರೆಕ್. ಫೋಟೋರೆಕ್ ಫೈಲಿನ ಒಳಗುರುತು ನೋಡಿ ಎತ್ತುವುದರಿಂದ ಹೆಸರು, ಫೋಲ್ಡರು ಉಳಿಯುವುದಿಲ್ಲ. ಸಾವಿರಾರು ಫೋಟೋಗಳನ್ನು ಕೂತು ಹೊಂದಿಸಬೇಕು, ಆದರೆ ಬಹಳಷ್ಟು ಫೋಟೋಗಳಾದರೂ ಸಿಗಬಹುದು.

ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಗೆ ಬೇರೆ ಲೆಕ್ಕ. ಅದು ಸದ್ದಿಲ್ಲದೆ, ಎಷ್ಟೋ ಸಲ ಸೂಚನೆಯೂ ಕೊಡದೆ ಹೋಗುತ್ತದೆ. ಅಳಿಸಿದ ಫೈಲಿನ ಜಾಗವನ್ನು ಟ್ರಿಮ್ ಅನ್ನುವ ವ್ಯವಸ್ಥೆ ಬೇಗನೆ ಖಾಲಿ ಮಾಡುವುದರಿಂದ ಅಳಿಸಿದ್ದು ವಾಪಸ್ ಬರುವ ಆಸೆ ಕಡಿಮೆ.

ಟಕ್ ಟಕ್ ಡಿಸ್ಕಿಗೆ ಧೂಳಿಲ್ಲದ ಕೋಣೆ ಇರುವ ಲ್ಯಾಬ್ ಬೇಕು, ಅದು ಬೆಂಗಳೂರಿನ ಮಾತು. ತುಮಕೂರಿನಿಂದ 70 ಕಿಲೋಮೀಟರ್. ಡಿಸ್ಕನ್ನು ಬಿಚ್ಚಿಸಿ, ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ದಪ್ಪ ಬಬಲ್ ಹಾಳೆ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋಗಿ, ಬಸ್ಸಿನ ಲಗೇಜಿಗೆ ಹಾಕಬೇಡಿ. ದುಡ್ಡು ಕೊಡುವ ಮುಂಚೆ ಫೈಲುಗಳ ಪಟ್ಟಿ ತೋರಿಸುತ್ತಾರಾ, ಸಿಗದಿದ್ದರೆ ಎಷ್ಟು ಕಟ್ಟಬೇಕು ಅಂತ ಬರೆಸಿಕೊಳ್ಳಿ. ಹತ್ತಿರದ ಅಂಗಡಿಗೇ ಕೊಡುವುದಾದರೂ "ಡೇಟಾ ಬೇಕು, ಫಾರ್ಮ್ಯಾಟ್ ಮಾಡಬಾರದು" ಅಂತ ದೊಡ್ಡ ಅಕ್ಷರದಲ್ಲಿ ಬರೆದು ಮುಚ್ಚಳದ ಮೇಲೆ ಅಂಟಿಸಿ. ಕೌಂಟರಿನಲ್ಲಿ ಬಾಯಲ್ಲಿ ಹೇಳಿದ ಮಾತು ಒಳಗೆ ಕೂತು ಕೆಲಸ ಮಾಡುವ ಹುಡುಗನ ತನಕ ತಲುಪದೇ ಇರಬಹುದು.

ಫೈಲು ಕೈಗೆ ಬಂದ ಮೇಲೆ ಉಳಿದದ್ದು ಸಣ್ಣ ರಿಪೇರಿ: ಹಾರ್ಡ್ ಡಿಸ್ಕ್ ಜಾಗಕ್ಕೆ 7 ಮಿಲಿಮೀಟರ್ ದಪ್ಪದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಎಂ.2 ಜಾಗ ಇದ್ದರೆ ಅದು ಸಾಟಾ ಬಗೆಯದನ್ನು ತೆಗೆದುಕೊಳ್ಳುತ್ತದಾ, ಎನ್‌ವಿಎಂಇ ಬಗೆಯದನ್ನು ತೆಗೆದುಕೊಳ್ಳುತ್ತದಾ ಅಂತ ಮಾಡೆಲ್ ನಂಬರಿನಿಂದ ನೋಡಿಯೇ ಕೊಳ್ಳಿ. ಬ್ಯಾಟರಿ ಸತ್ತು ಬರೀ ಚಾರ್ಜರಿನ ಮೇಲೆ ಓಡುತ್ತಿದ್ದರೆ ಅದನ್ನೂ ಬದಲಿಸಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಆ ಸೆಕ್ಟರು ಅರೆಬರೆ ಉಳಿದು ಸಿ5 ಲೆಕ್ಕಕ್ಕೆ ಸೇರಬಹುದು. ಹಳೆಯ ಡಿಸ್ಕನ್ನು ತಕ್ಷಣ ಎಸೆಯಬೇಡಿ. ತೆಗೆದ ಫೈಲುಗಳಲ್ಲಿ ಅಲ್ಲಲ್ಲಿ ಇಪ್ಪತ್ತು, ಮೂವತ್ತನ್ನು ತೆರೆದು ನೋಡಿ, ಟ್ಯಾಲಿ ಕಂಪನಿ ಲೋಡ್ ಮಾಡಿ ಕೊನೆಯ ತಿಂಗಳ ಬಾಕಿ ತಾಳೆ ನೋಡಿ, ಎಲ್ಲವನ್ನೂ ಇನ್ನೊಂದು ಹೊರಗಿನ ಡಿಸ್ಕಿಗೆ ಹಾಕುವ ತನಕ ಅದು ಹೆಸರು ಬರೆದ ಕವರಿನಲ್ಲಿ ಬೀರುವಿನಲ್ಲಿರಲಿ.