ಡಾರ್ಟ್‌ಮುಂಡ್‌ನಲ್ಲಿ ಬೇವು ಸಿಗುವುದಿಲ್ಲ

"ಹಬ್ಬದ ದಿನ ಯಾರಾದ್ರೂ ಕಹಿ ತಿಂತಾರಾ?"

ಕೇಳಿದವನಿಗೆ ಆರು ವರ್ಷ. ನಮ್ಮ ಮೇಲಿನ ಮಹಡಿಯ ತುರ್ಕಿ ಅಜ್ಜಿಯ ಮೊಮ್ಮಗ. ಹೊಸ ಅಂಗಿ, ಕೂದಲಿಗೆ ಜೆಲ್, ಎರಡೂ ಜೇಬಿನ ತುಂಬ ಚಾಕ್ಲೇಟು. ನನ್ನ ಅಡುಗೆಮನೆ ಬಾಗಿಲಲ್ಲಿ ನಿಂತು ನಾನು ಬೆಲ್ಲ ಕುಟ್ಟುವುದನ್ನು ನೋಡುತ್ತಿದ್ದ. ಇದರ ಜೊತೆ ಒಂದು ಕಹಿ ಎಲೆ ಬೇಕಿತ್ತು, ಸಿಗಲಿಲ್ಲ ಅಂತ ನನ್ನ ಹರಕುಮುರುಕು ಜರ್ಮನ್‌ನಲ್ಲಿ ಹೇಳಿದ್ದೇ ತಪ್ಪಾಯಿತು.

"ಇವತ್ತು ಸಕ್ಕರೆ ಹಬ್ಬ," ಅಂತ ತಿದ್ದಿದ.

ಅವನ ಮಾತೂ ನಿಜ. ಜರ್ಮನಿಯಲ್ಲಿ ರಂಜಾನ್ ಹಬ್ಬವನ್ನು ಮಕ್ಕಳು ತ್ಸುಕರ್‌ಫೆಸ್ಟ್ ಅನ್ನುತ್ತಾರೆ, ಅಂದರೆ ಸಕ್ಕರೆ ಹಬ್ಬ. 2025ರ ಮಾರ್ಚ್ 30, ಭಾನುವಾರ. ನಮಗೆ ವಿಶ್ವಾವಸು ಸಂವತ್ಸರದ ಯುಗಾದಿ, ಅವರಿಗೆ ರಂಜಾನ್. ಸಾಲದ್ದಕ್ಕೆ ಗಡಿಯಾರ ಮುಂದೆ ಹಾರುವುದೂ ಅವತ್ತೇ. ಯುರೋಪಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ, ಬೆಳಗಿನ ಜಾವ ಎರಡು ಗಂಟೆ ಆಗುವ ಹೊತ್ತಿಗೆ ಮೂರಾಗಿಬಿಡುತ್ತದೆ. ಭಾರತಕ್ಕೂ ನಮಗೂ ಇದ್ದ ನಾಲ್ಕೂವರೆ ಗಂಟೆಯ ಅಂತರ ಮೂರೂವರೆಗೆ ಇಳಿಯಿತು. ನಾನು ಏಳು ಗಂಟೆ ಅಂದುಕೊಂಡು ಎದ್ದಾಗ ಎಂಟು. ತಿಪಟೂರಿನಲ್ಲಿ ಅಷ್ಟರಲ್ಲಿ ಹೋಳಿಗೆ ಬೆಂದು, ಬಂದವರು ಊಟಕ್ಕೆ ಕೂರುವ ಹೊತ್ತು.

"ನಿನ್ನ ಒಂದು ಗಂಟೆನ ಯಾರು ನುಂಗಿದ್ರೇ?" ಅಂದಳು ಅಮ್ಮ ಫೋನಲ್ಲಿ. ಹಿಂದಿನ ದಿನವೂ ಫೋನ್ ಮಾಡಿದ್ದಳು. ಅಮಾವಾಸ್ಯೆಯ ಸೂರ್ಯಗ್ರಹಣ ಇಂಡಿಯಾದಲ್ಲಿ ಕಾಣಲ್ಲ, ನಿಮ್ಮ ಕಡೆ ಕಾಣುತ್ತಂತೆ, ಆಚೆ ಹೋಗಬೇಡ ಅಂತ ಹೇಳೋಕೆ. ನಾನು ಆಗ ಆಚೆಯೇ ಇದ್ದೆ. ಬೇವು ಹುಡುಕುತ್ತಾ.

ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆ, ಅದಕ್ಕೇ ಶನಿವಾರವೇ ಓಡಾಡಿದ್ದು. ಈ ಭಾಗದಲ್ಲಿ ಶ್ರೀಲಂಕಾ ತಮಿಳರು ಜಾಸ್ತಿ. ಹತ್ತಿರದ ಹಾಮ್ ಊರಿನಲ್ಲಿ ಅವರು ಕಾಮಾಕ್ಷಿ ಅಮ್ಮನಿಗೆ ಗೋಪುರ ಸಮೇತ ದೊಡ್ಡ ಗುಡಿಯನ್ನೇ ಕಟ್ಟಿಕೊಂಡಿದ್ದಾರೆ, 2002ರಲ್ಲಿ. ಅವರ ಅಂಗಡಿಯಲ್ಲಿ ತೊಗರಿಬೇಳೆ ಸಿಕ್ಕಿತು, ಬೆಲ್ಲ ಸಿಕ್ಕಿತು. ಮಾವಿನೆಲೆ ಇಲ್ಲ. ಬೇವು ಕೇಳಿದರೆ ಅಂಗಡಿಯಣ್ಣ ನಕ್ಕು ಕರಿಬೇವಿನ ಪೊಟ್ಟಣ ಮುಂದಿಟ್ಟರು. ಹೆಸರಲ್ಲಾದರೂ ಬೇವಿದೆಯಲ್ಲ ಅಂತ ತಗೊಂಡೆ. ನಮ್ಮೂರಲ್ಲಿ ಬೇವಿಗೆ ಯಾರಾದರೂ ದುಡ್ಡು ಕೊಡುತ್ತಾರಾ? ಹಿಂದಿನ ಸಂಜೆ ಅಪ್ಪ ಸ್ಕೂಟರ್ ನಿಲ್ಲಿಸಿ, ಯಾವುದೋ ಮರದ ಕೊಂಬೆ ಎಳೆದು, ಹೂವಿನ ಸಮೇತ ಒಂದು ಗೊಂಚಲು ಮುರಿದು ತರುತ್ತಿದ್ದರು, ಅಷ್ಟೇ. ನಾನು ಬೆಲ್ಲ ಆರಿಸಿಕೊಂಡು ಬೇವನ್ನು ನಾಲಿಗೆ ಅಡಿ ಬಚ್ಚಿಟ್ಟುಕೊಂಡು ಬಚ್ಚಲಲ್ಲಿ ಉಗುಳುತ್ತಿದ್ದೆ.

ಇರಲಿ, ಎಣ್ಣೆ ಸ್ನಾನ ಆಯಿತು. ನಾಲ್ಕು ಜನ ಹಂಚಿಕೊಳ್ಳುವ ಬಾತ್‌ರೂಮು, ಎಣ್ಣೆ ಜಿಡ್ಡು ತೊಳೆಯೋಕೆ ಸ್ನಾನಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಹಸಿರು ಕಾಗದ ಕತ್ತರಿಸಿ ತೋರಣ ಕಟ್ಟಿದೆ. ಹೋಳಿಗೆ ನಾಲ್ಕು ಹರಿದವು, ಆರು ನೆಟ್ಟಗೆ ಬಂದವು. ಇಲ್ಲಿನ ಕನ್ನಡದವರೆಲ್ಲ ಸೇರಿ ಮಾಡುವ ಯುಗಾದಿ ಹಾಲ್ ಸಿಕ್ಕ ವಾರಕ್ಕೆ ಮುಂದೆ ಹೋಗಿತ್ತು. ಪಂಚಾಂಗಕ್ಕಿಂತ ಹಾಲ್ ಬುಕಿಂಗ್ ದೊಡ್ಡದು.

ಮೇಲಿನ ಮನೆಯ ಅಜ್ಜಿಯನ್ನು ನಾನು ತೇಯ್ಜೆ ಅಂತ ಕರೆಯುತ್ತೇನೆ. ತುರ್ಕಿಯಲ್ಲಿ ಹಾಗಂದರೆ ಚಿಕ್ಕಮ್ಮ, ದೊಡ್ಡಮ್ಮ. ಅವರ ಯಜಮಾನರು ಕಲ್ಲಿದ್ದಲು ಗಣಿ ಕೆಲಸಕ್ಕೆ ಬಂದವರು. 1961ರಲ್ಲಿ ಪಶ್ಚಿಮ ಜರ್ಮನಿ ತುರ್ಕಿ ಜೊತೆ ಒಪ್ಪಂದ ಮಾಡಿಕೊಂಡು ಆಳುಗಳನ್ನು ಕರೆಸಿಕೊಳ್ಳತೊಡಗಿತು. 'ಅತಿಥಿ ಕೆಲಸಗಾರರು' ಅಂತ ಹೆಸರು. ಅತಿಥಿಯನ್ನು ಯಾರಾದರೂ ಗಣಿಗೆ ಇಳಿಸುತ್ತಾರಾ! ಡಾರ್ಟ್‌ಮುಂಡ್‌ನ ಕೊನೆಯ ಗಣಿ 1987ರಲ್ಲಿ ಮುಚ್ಚಿತು. ಯಜಮಾನರೂ ಈಗಿಲ್ಲ. ತೇಯ್ಜೆ ಇದ್ದಾರೆ. ಅವರ ಜರ್ಮನ್ ನನ್ನದಕ್ಕಿಂತ ಸ್ವಲ್ಪ ಮೇಲು, ಹಾಗಾಗಿ ನಮ್ಮ ಮಾತು ಕೈಸನ್ನೆಯಲ್ಲೇ ಜಾಸ್ತಿ.

ನಾನು ಮಾಂಸ ತಿನ್ನುವುದಿಲ್ಲ ಅಂತ ಅವರಿಗೆ ಒಂದು ಸಲ ಹೇಳಿದ್ದೆ, ಒಂದೇ ಸಲ. ರಂಜಾನ್ ತಿಂಗಳು ಶುರುವಾದ ಮೇಲೆ ಸಂಜೆ ಬಾಗಿಲು ತಟ್ಟುವ ಸದ್ದು. ತೆಗೆದರೆ ತಟ್ಟೆ. ಒಂದು ದಿನ ಬೇಳೆ ಸೂಪು, ಒಂದು ದಿನ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ಸಾರ್ಮಾ. ಕೊಡುವಾಗ ಪ್ರತಿ ಸಲ ಬೆರಳೆತ್ತಿ "ಎತ್ ಯೋಕ್" ಅನ್ನುತ್ತಿದ್ದರು. ಮಾಂಸ ಇಲ್ಲ. ದಿನವಿಡೀ ನೀರೂ ಕುಡಿಯದೆ ಇದ್ದು, ಮನೆಯವರಿಗೆ ಒಂದು ಪಾತ್ರೆ, ನನಗೆ ಬೇರೆ ಪಾತ್ರೆ. ಯಾಕೆ ಇಷ್ಟು ತೊಂದರೆ ಅಂತ ಕೇಳುವಷ್ಟು ಜರ್ಮನ್ ನನಗೆ ಬರುತ್ತದೆ. ಕೇಳಲಿಲ್ಲ. ತಿಂದೆ.

ಹುಡುಗ ಮೇಲೆ ಓಡಿದ. ಕೆಳಗಿನ ಅಕ್ಕ ಕಹಿ ಎಲೆ ಹುಡುಕುತ್ತಿದ್ದಾಳೆ ಅಂತ ಮನೆ ತುಂಬ ಸಾರಿರಬೇಕು. ಸ್ವಲ್ಪ ಹೊತ್ತಿಗೆ ತೇಯ್ಜೆ, ಸೊಸೆ, ಹುಡುಗ ಮೂವರೂ ನನ್ನ ಬಾಗಿಲಲ್ಲಿ. ತೇಯ್ಜೆ ಹಬ್ಬದ ಉಡುಪಿನಲ್ಲೇ ನನ್ನ ಕೈ ಹಿಡಿದು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದರು. ಸೈಕಲ್ ಸ್ಟ್ಯಾಂಡಿನ ಪಕ್ಕ ಹುಲ್ಲಿನಲ್ಲಿ ಬಗ್ಗಿ, ಗರಗಸದ ಅಂಚಿನಂಥ ಎಲೆಯ ಒಂದು ಗಿಡ ಕಿತ್ತರು. ಕರಾಹಿಂದಿಬಾ ಅಂದರು. ಹುಡುಗ ಅದರ ಜರ್ಮನ್ ಹೆಸರು ಹೇಳಿದ, ಲೋವೆನ್‌ತ್ಸಾನ್. ಸಿಂಹದ ಹಲ್ಲು! ಬೇಸಿಗೆಯಲ್ಲಿ ಹಳದಿ ಹೂ ಬಿಟ್ಟು, ಆಮೇಲೆ ಊದಿದರೆ ಹಾರಿಹೋಗುವ ಬಿಳಿ ಉಂಡೆ ಆಗುತ್ತಲ್ಲ, ಅದೇ ಗಿಡ. ಅವರೂರಲ್ಲಿ ಎಳೆ ಎಲೆ ಕಿತ್ತು ಪಲ್ಯ ಮಾಡುತ್ತಾರಂತೆ.

ತೊಳೆದು, ಚೂರು ಮಾಡಿ, ಬೆಲ್ಲಕ್ಕೆ ಬೆರೆಸಿದೆ. ದೇವರ ಮುಂದಿಟ್ಟೆ. ಶತಾಯುರ್ವಜ್ರದೇಹಾಯ ಹೇಳುವಾಗ ಮೂರೂ ಜನ ಅಡುಗೆಮನೆಯಲ್ಲಿ ಕೈಕಟ್ಟಿ ಸುಮ್ನೆ ನಿಂತಿದ್ದರು. ಕೊಟ್ಟಾಗ ತೇಯ್ಜೆ ಏನೂ ಕೇಳದೆ ಬಿಸ್ಮಿಲ್ಲಾ ಅಂತ ಬಾಯಿಗೆ ಹಾಕಿಕೊಂಡರು. ಹುಡುಗ ಮಾತ್ರ ಮೂತಿ ಸೊಟ್ಟ ಮಾಡಿ ಮತ್ತೆ ಅದೇ ಪ್ರಶ್ನೆ ತೆಗೆದ. ಹಬ್ಬದ ದಿನ ಯಾಕೆ ಕಹಿ? ನಿಮ್ಮ ದೇವರು ಹೇಳಿದ್ದಾ? ನಾನು ಪದ ಹುಡುಕುತ್ತಿದ್ದೆ. ತೇಯ್ಜೆ ಅವನಿಗೆ ತುರ್ಕಿಯಲ್ಲಿ ಏನೋ ಗದರಿದರು. ಸೊಸೆ ನಗುತ್ತಾ ನನಗೆ ಬಿಡಿಸಿ ಹೇಳಿದರು: "29 ದಿನ ಉಪವಾಸ ಇದ್ದೆನಲ್ಲ, ಅದೇನು ಸಿಹಿಯಾಗಿತ್ತಾ ಅಂತ ಕೇಳ್ತಿದ್ದಾರೆ."

ಹುಡುಗ ನನ್ನ ಕೈ ಹಿಡಿದು ಮುತ್ತಿಟ್ಟು ಹಣೆಗೆ ಒತ್ತಿಕೊಂಡ. ದೊಡ್ಡವರಿಗೆ ಹಾಗೆ ಮಾಡಿ ಸಕ್ಕರೆ ತಿಂಡಿ ಇಸಿದುಕೊಳ್ಳುವುದು ಅವರ ಪದ್ಧತಿ. ನಾನು ಯಾವಾಗ ದೊಡ್ಡವಳಾದೆನೋ! ಬೆಲ್ಲದ ಚೂರು ಕೊಟ್ಟೆ. ಆರರಲ್ಲಿ ನಾಲ್ಕು ಹೋಳಿಗೆ ತೇಯ್ಜೆಯ ತಟ್ಟೆಯಲ್ಲೇ ಹಾಕಿಕೊಟ್ಟೆ. ಅವರಲ್ಲೂ ತಟ್ಟೆ ಖಾಲಿ ವಾಪಸ್ ಕೊಡುವುದಿಲ್ಲ. ಅರ್ಧ ಗಂಟೆಯಲ್ಲಿ ಅದೇ ತಟ್ಟೆ ಬಕ್ಲಾವಾ ತುಂಬಿಕೊಂಡು ಕೆಳಗೆ ಬಂತು.

ಅದನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ತಿನ್ನೋಕೆ ಆಗಲಿಲ್ಲ.

ತಿಪಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನನ್ನ ವಯಸ್ಸಿನ ಒಬ್ಬಳಿದ್ದಳು. ಶಾಲೆಗೆ ಒಟ್ಟಿಗೆ ಹೋಗುತ್ತಿದ್ದೆವು. ಅವಳು ನಮ್ಮನೆ ಜಗಲಿವರೆಗೆ ಬರುತ್ತಿದ್ದಳು, ನಾನು ಅವರ ಗೇಟಿನವರೆಗೆ. ಯಾರೂ ಗೆರೆ ಎಳೆದಿರಲಿಲ್ಲ, ಆದರೂ ಇತ್ತು. 2010ರಲ್ಲಿ ಗಣೇಶನ ಹಬ್ಬವೂ ರಂಜಾನೂ ಒಂದೇ ದಿನ ಬಂದವು. ನಮ್ಮನೆಯಲ್ಲಿ ಪೂಜೆ ನಡೆಯುವಾಗಲೇ ಅವಳು ಸ್ಟೀಲ್ ಡಬ್ಬಿಯಲ್ಲಿ ಶೀರ್ ಕುರ್ಮಾ ತಂದಳು. ಅಜ್ಜಿ ಮಡಿಯಲ್ಲಿದ್ದಳು. "ಅಲ್ಲೇ ಇಟ್ಟಿರು ಮಗಾ," ಅಂದಳು, ಚೆನ್ನಾಗಿಯೇ ಅಂದಳು. ಪೂಜೆ, ಕಡುಬು, ನೆಂಟರು, ಎಲ್ಲದರ ನಡುವೆ ಡಬ್ಬಿ ಜಗಲಿಯಲ್ಲೇ ಉಳಿಯಿತು.

ಸಂಜೆ ಡಬ್ಬಿ ಕೇಳೋಕೆ ಅವಳು ಬರುತ್ತಾಳೆ ಅಂತ ನನಗೆ ಗೊತ್ತಿತ್ತು. ಮುಚ್ಚಳ ತೆಗೆದೆ. ಶಾವಿಗೆ, ಖರ್ಜೂರ, ಏಲಕ್ಕಿ ಘಮ. ಅವರು ಅದರಲ್ಲಿ ಏನೇನು ಹಾಕಿರುತ್ತಾರೋ ಅಂತ ಶಾಲೆಯಲ್ಲಿ ಯಾರೋ ಹೇಳಿದ್ದು ನೆನಪಾಯಿತು. ಹಿತ್ತಲಿಗೆ ಹೋಗಿ ತೆಂಗಿನ ಮರದ ಬುಡಕ್ಕೆ ಸುರಿದೆ. ಅಜ್ಜಿ ಹೇಳಿರಲಿಲ್ಲ, ಅಮ್ಮ ಹೇಳಿರಲಿಲ್ಲ. ನಾನೇ. ಡಬ್ಬಿ ತೊಳೆದು, ಖಾಲಿ ಕೊಡಬಾರದು ಅಂತ ಸಕ್ಕರೆ ತುಂಬಿ ಕೊಟ್ಟೆ. "ತುಂಬ ಚೆನ್ನಾಗಿತ್ತು ಕಣೇ," ಅಂತಲೂ ಅಂದೆ.

ಮರುದಿನ ಅವಳ ಚೆಂಡು ನಮ್ಮ ಹಿತ್ತಲಿಗೆ ಬಿತ್ತು. ತಗೊಳ್ಳೋಕೆ ಬಂದವಳು ತೆಂಗಿನ ಮರದ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಶಾವಿಗೆ ಬೆಳ್ಳಗೆ ಹಾಗೇ ಇತ್ತು, ಇರುವೆ ಮುತ್ತಿದ್ದವು. ಚೆಂಡು ತಗೊಂಡು ಹೋದಳು. ಏನೂ ಅನ್ನಲಿಲ್ಲ. ನಾನೂ.

ಎಂಟೂವರೆ ಸುಮಾರಿಗೆ ಅಮ್ಮನಿಗೆ ಮತ್ತೆ ಫೋನ್ ಮಾಡಿದೆ. ಅಲ್ಲಿ ಮಧ್ಯರಾತ್ರಿ, ಹಬ್ಬದ ಪಾತ್ರೆಗಳನ್ನು ಎತ್ತಿಡುತ್ತಿದ್ದಳಂತೆ. ಚಂದ್ರ ಕಂಡಿದೆ, ನಾಳೆ ಇಲ್ಲಿ ರಂಜಾನ್ ಅಂದಳು. ಪಕ್ಕದ ಮನೆಯಿಂದ ಈಗಲೂ ಡಬ್ಬಿ ಬರುತ್ತಾ ಅಂತ ಕೇಳಿದೆ.

"ಬರದೆ ಏನು? ಶುಗರ್ ಇದ್ರೂ ಎರಡು ಚಮಚ ತಿಂತೀನಿ. ಆ ಯಮ್ಮ ಪ್ರತಿ ವರ್ಷ ಒಂದೇ ಮಾತು, ನಿಮ್ಮ ಹುಡುಗಿ ಇದ್ದಿದ್ರೆ ಇನ್ನೊಂದು ಡಬ್ಬಿ ಕಳಿಸ್ತಿದ್ದೆ ಅಂತ."

"ಯಾಕೆ?"

"ನೀನು ಚಿಕ್ಕವಳಿದ್ದಾಗ ಒಂದು ಗಣೇಶನ ಹಬ್ಬದಲ್ಲಿ ಇಡೀ ಡಬ್ಬಿ ಒಬ್ಬಳೇ ಖಾಲಿ ಮಾಡಿದ್ಯಂತಲ್ಲ. ಅವರ ಮಗಳು ಮನೆಗೆ ಹೋಗಿ ಹೇಳಿದ್ಲಂತೆ. ನನಗೆ ನೆನಪೇ ಇಲ್ಲ ನೋಡು. ಯಾವಾಗ ತಿಂದ್ಯೇ?"

ಫೋನ್ ಇಟ್ಟ ಮೇಲೆ ಬಕ್ಲಾವಾ ತಿಂದೆ, ಅಷ್ಟನ್ನೂ. ತಟ್ಟೆ ತೊಳೆದೆ. ಹೋಳಿಗೆ ಮುಗಿದಿತ್ತು, ಅಂಗಡಿ ತೆರೆಯೋದು ಸೋಮವಾರ. ಡಬ್ಬದಲ್ಲಿ ನೋಡಿದರೆ ಇದ್ದಿದ್ದು ಸಕ್ಕರೆ ಮಾತ್ರ. ಅದನ್ನೇ ತಟ್ಟೆಗೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ.