ಚಪ್ಪಲಿಗೆ ಅಂಟಿದ ಮರಳು

ಇಂದು ಬೆಳಿಗ್ಗೆ ಕಾರವಾರದ ನ್ಯಾಯಾಲಯದ ಜಗಲಿಯಲ್ಲಿ ನನ್ನ ಪಕ್ಕ ಕುಳಿತಿದ್ದ, ಅಪರಾಧಿಗಳ ಮನೆಯ ಸ್ಥಿತಿಗತಿ ವಿಚಾರಿಸಿ ನ್ಯಾಯಾಲಯಕ್ಕೆ ವರದಿ ಕೊಡುವ ಪ್ರೊಬೇಷನ್ ಅಧಿಕಾರಿಯವರ ಚಪ್ಪಲಿಗೆ ಒದ್ದೆ ಮರಳು ಅಂಟಿತ್ತು.

ಮೊದಲ ಕಳವಿನಲ್ಲೇ ತಪ್ಪಿತಸ್ಥನೆಂದು ತೀರ್ಮಾನವಾದ 19 ವರ್ಷದ ಹುಡುಗನೊಬ್ಬನ ಮನೆಗೆ ಹೋಗಿ, ಅವನ ತಾಯಿಯೊಡನೆ, ನೆರೆಯವರೊಡನೆ, ಅವನು ದುಡಿಯುತ್ತಿದ್ದ ದೋಣಿಯ ಮುಖ್ಯಸ್ಥರಾದ ತಾಂಡೇಲರೊಡನೆ ಮಾತನಾಡಿ ಅವರು ನೇರವಾಗಿ ಬಂದಿದ್ದರು. ಯಾವ ಊರೆಂದು ನಾನು ಕೇಳಲಿಲ್ಲ. ಆ ವರದಿ ಗೋಪ್ಯವಾದದ್ದು, ಕೇಳಬಾರದು.

ತಪ್ಪಿತಸ್ಥರನ್ನು ಜೈಲಿಗೆ ಕಳುಹಿಸುವ ಬದಲು ಸನ್ನಡತೆಯ ಕರಾರಿನ ಮೇಲೆ ಬಿಡಲು ಅವಕಾಶ ಕೊಡುವ 1958ರ ಅಪರಾಧಿಗಳ ಪ್ರೊಬೇಷನ್ ಕಾಯಿದೆಯ 6ನೆಯ ಕಲಮಿನ ಪ್ರಕಾರ, ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧವಲ್ಲದಿದ್ದರೆ, 21 ವರ್ಷ ತುಂಬದವರನ್ನು ಜೈಲಿಗೆ ಕಳುಹಿಸುವ ಮೊದಲು ನ್ಯಾಯಾಲಯವು ಇಂಥ ವರದಿಯನ್ನು ತರಿಸಿಕೊಳ್ಳಬೇಕು. ಸೆರೆವಾಸವೇ ತಕ್ಕದ್ದೆಂದು ಕಂಡರೆ ಅದರ ಕಾರಣಗಳನ್ನು ಬರೆದಿಡಬೇಕು. ಕೊನೆಯ ಮಾತು ನ್ಯಾಯಾಧೀಶರದ್ದೇ, ನಿಜ. ಆದರೆ ಪೊಲೀಸರ ಕಾಗದಗಳಲ್ಲಿ ಒಂದು ರಾತ್ರಿಯಷ್ಟೇ ಇರುತ್ತದೆ. ಹುಡುಗ ಮರಳಿ ಬಂದರೆ ತಾಂಡೇಲರು ದೋಣಿ ಹತ್ತಿಸಿಕೊಳ್ಳುವರೇ, ಮನೆಯಲ್ಲಿ ಇನ್ನಾರ ದುಡಿಮೆಯಿದೆ ಎಂಬುದನ್ನು ಯಾರಾದರೂ ಆ ದಂಡೆಯವರೆಗೆ ನಡೆದುಹೋಗಿಯೇ ತಿಳಿದುಬರಬೇಕು. ಅವಸರದಲ್ಲಿ, ಕುಳಿತಲ್ಲೇ ಬರೆದ ಎರಡು ಸಾಲಿನ ವರದಿಯಿಂದ ಒಬ್ಬನ ಮೂರು ವರ್ಷ ಹೋಗಬಹುದೆಂದು ನೆನೆದರೆ ನನಗೆ ಭಯವಾಗುತ್ತದೆ.

ಒಳಗಿನಿಂದ ಕರೆ ಬಂತು. ಅವರು ಲಕೋಟೆಯನ್ನು ಎದೆಗೊತ್ತಿಕೊಂಡು ಎದ್ದರು. ಕುಳಿತಿದ್ದ ಜಾಗದಲ್ಲಿ ಒಂದು ಹಿಡಿಯಷ್ಟು ಮರಳು ಉಳಿದಿತ್ತು.