ಅರ್ಧ ಸದ್ದು ಕಮ್ಮಿ ಆಯ್ತು ಮಾರಾಯ್ರೆ

ನಮ್ 22 ಅಡಿ ಹಾಯಿದೋಣಿ ಹಿಂದೆ ನೇತಾಡೋ 6 ಎಚ್‌ಪಿ ಔಟ್‌ಬೋರ್ಡ್ ಮೋಟರ್ ಇದ್ಯಲ್ಲ, ಒಂದೇ ಸಿಲಿಂಡರು, ಸ್ಟಾರ್ಟ್ ಮಾಡಿದ್ರೆ ಊರಲ್ಲಿ ಡೀಸೆಲ್ ಪಂಪ್‌ಸೆಟ್ ಪಕ್ಕ ಕೂತಂಗೆ. ಸಿಯಾಟಲ್‌ನ ಶಿಲ್ಶೋಲ್ ಮರೀನಾದಿಂದ (ದೋಣಿ ನಿಲ್ಸೋ ಜಾಗ) ಆಚೆ ಹೋಗಿ ಹಾಯಿ ಏರ್ಸೋಷ್ಟರಲ್ಲಿ ತಲೆ ಧಿಂ ಅನ್ನೋದು. ಇಷ್ಟ್ ದಿನ ಮೋಟರ್‌ಗೆ ಬೈತಿದ್ದೆ, ಇವತ್ತು ಹಿಂದಿನ ಹಲಗೆ ಮೇಲೆ ಕೈ ಇಟ್ಟು ನೋಡಿದ್ರೆ ಕೈಯೆಲ್ಲಾ ಜುಮ್ ಜುಮ್, ಅದ್ರ ಪಕ್ಕದ ಖಾಲಿ ಲಾಕರ್ರೇ ತಮಟೆ ಥರ ಬಾರಿಸ್ತಿದೆ, ಒಳಗೆ ಒಂದು ಸ್ಟೀಲ್ ಲೋಟ ಬೇರೆ ತಾಳ ಹಾಕ್ತಿತ್ತು! ಲೋಟ ತೆಗ್ದೆ, ಲಾಕರ್‌ಗೆ ಹಳೇ ಲೈಫ್‌ಜಾಕೆಟ್ ತುಂಬ್ದೆ, ಮೋಟರ್ ಹಿಡ್ಕೊಂಡಿರೋ ಕ್ಲಾಂಪ್ ಕೆಳಗೆ ದಪ್ಪ ರಬ್ಬರ್ ಕೊಟ್ಟು ಮತ್ತೆ ಬಿಗಿ ಮಾಡಿ ಸೇಫ್ಟಿ ಹಗ್ಗಾನೂ ಕಟ್ದೆ. ಮೋಟರ್ ಒಂದು ಹಂತ ಕೆಳಗಿಳ್ಸಿದ್ಮೇಲೆ ಹೊಗೆ ನೀರೊಳಗೇ ಗುಳುಗುಳು ಅಂತ ಹೋಗ್ತಿದೆ. ಮೋಟರ್ ಮುಚ್ಚಳದೊಳಗೆ ಫೋಮ್ ತುರುಕೋ ಆಸೆ ಇತ್ತು, ಗಾಳಿ ಹೋಗೋ ದಾರಿ ಮುಚ್ಚಿದ್ರೆ ಇಂಜಿನ್ನೇ ಕೆಮ್ಮುತ್ತೆ ಅಂತ ಸುಮ್ನಾದೆ.

ಥ್ರಾಟಲ್ ಅರ್ಧಕ್ಕಿಳ್ಸಿದ್ರೂ ಸ್ಪೀಡ್ ಏನೂ ಬೀಳ್ಲಿಲ್ಲ, ಈ ಉದ್ದದ ದೋಣಿ ಐದೂವರೆ-ಆರು ನಾಟ್ (ಗಂಟೆಗೆ ಹತ್ತು-ಹನ್ನೊಂದು ಕಿ.ಮೀ.) ಮೇಲೆ ಹೆಂಗಿದ್ರೂ ಹೋಗಲ್ಲ, ಇಷ್ಟ್ ವರ್ಷ ನಾನು ಬರೀ ಸದ್ದಿಗೆ ಪೆಟ್ರೋಲ್ ಸುಟ್ಟಿದ್ದು.

ಆಮೇಲೆ ಮೋಟರ್ ಆಫ್ ಮಾಡಿ ಹಾಯಿ ಏರ್ಸಿದ್ವಿ. "ಇನ್ನೂ ಯಾಕ್ರೀ ಕಿರುಚ್ತಿದೀರಾ" ಅಂದ್ಲು ಹೆಂಡ್ತಿ.